ನಾಳೆ ಬರುತ್ತಾರೆ

ಎಪ್ಪತ್ತು ದಾಟಿದ ಮನುಷ್ಯ ರಾತ್ರಿ ಊಟವಾದ ಮೇಲೆ ಕಾರ್ಟೂನು ನೋಡುತ್ತ ಕೂತಿದ್ದನೆಂದು ಹೇಳಿದರೆ ಸಂಘದ ನನ್ನ ಸಮವಯಸ್ಕರು ನಕ್ಕಾರು. ನಗಲಿ, ವರ್ಷದ ಹಿಂದೆ ಯಾರಾದರೂ ಹೀಗೆ ಹೇಳಿದ್ದರೆ ನಾನೂ ನಗುತ್ತಿದ್ದೆ. ಕಾರ್ಟೂನು ಎಂದರೆ ಬೆಕ್ಕು ಇಲಿಯನ್ನು ಅಟ್ಟಿಸಿಕೊಂಡು ಹೋಗುವುದು, ಇಲಿ ಬೆಕ್ಕಿನ ತಲೆಯ ಮೇಲೆ ಇಸ್ತ್ರಿಪೆಟ್ಟಿಗೆ ಬೀಳಿಸುವುದು, ಇಷ್ಟೇ ಎಂದು ತಿಳಿದಿದ್ದವನು ನಾನು. ಆದರೆ ಕಳೆದ ಮಳೆಗಾಲದ ಒಂದು ರಾತ್ರಿ ನೋಡಿದ ಒಂದು ಜಪಾನೀ ಕಂತು, ನಮ್ಮ ಮನೆಯಲ್ಲಿ ಎರಡು ವರ್ಷಗಳಿಂದ ನಡೆದುಬಂದಿದ್ದ ಒಂದು ಪದ್ಧತಿಯನ್ನೇ ಬದಲಿಸಿತು. ಇದನ್ನು ಬರೆಯಬೇಕೆ ಬೇಡವೆ ಎಂದು ಬಹಳ ದಿನ ಯೋಚಿಸಿದೆ. ಮನೆಯ ಮಾತು ಬೀದಿಗೆ ಬರಬಾರದೆಂಬ ಸಂಕೋಚ. ಆದರೆ ನಮ್ಮ ಮಾಸಿಕವನ್ನು ಓದುವವರಲ್ಲಿ ಬಹುಪಾಲು ನನ್ನ ವಯಸ್ಸಿನವರೇ. ಅನೇಕರ ಮನೆಗಳಲ್ಲಿ ನನ್ನ ಅವ್ವನಂಥ ಅವ್ವಂದಿರಿದ್ದಾರೆ, ಅಪ್ಪಂದಿರಿದ್ದಾರೆ. ಅವರನ್ನು ನೆನೆದು ಬರೆಯುತ್ತಿದ್ದೇನೆ.

ಅಂದು ಮಧ್ಯಾಹ್ನದಿಂದಲೇ ಮಳೆ ಜಡಿಯುತ್ತಿತ್ತು. ಲೋಕಲ್ ಗಾಡಿಗಳು ನಿಂತುಹೋಗಿ ಮಗ, ಸೊಸೆ ಇಬ್ಬರೂ ದಾದರಿನಲ್ಲಿ ಸಿಕ್ಕಿಬಿದ್ದಿದ್ದರು. ಡೊಂಬಿವಲಿಯ ನಮ್ಮ ಮನೆಯಲ್ಲಿ ಉಳಿದವರು ನಾನು, ನನ್ನ ಹೆಂಡತಿ, ಎಂಬತ್ತೊಂಬತ್ತರ ನನ್ನ ಅವ್ವ ಮತ್ತು ಕಾಲೇಜಿಗೆ ಹೋಗುವ ಮೊಮ್ಮಗಳು. ಅವ್ವನಿಗೆ ಉಣಿಸಿ ಮಲಗಿಸಿದ್ದಾಯಿತು. ಹೆಂಡತಿಯೂ ಅಡ್ಡಾದಳು. ಮಗ ಸೊಸೆ ಮನೆ ಸೇರುವತನಕ ನನಗೆ ನಿದ್ದೆ ಬರುವಂತಿರಲಿಲ್ಲ. ಮೊಮ್ಮಗಳು ಟೀವಿಯ ಮುಂದೆ ಕೂತು, "ಅಜ್ಜಾ, ರಕ್ತಾ ಕುಡಿಯೋ ಭೂತದ್ದು ಹಚ್ಚಲೇನು, ರೋಬೋಟಿಂದು ಹಚ್ಚಲೇನು?" ಎಂದು ಕೇಳಿದಳು.

"ಮಳಿ ರಾತ್ರಿ ಭೂತ ಯಾಕ ಬೇಕವಾ? ರೋಬೋಟಿಂದ ಹಚ್ಚು" ಎಂದೆ.

ಆಕೆ ನಕ್ಕಳು. "ಅದಕ್ಯಾಕ ಹೆದರ್ತೀ? ವ್ಯಾಂಪೈರು ಮನಿಯವರು ಬಾ ಅನ್ನೂತನಕ ಹೊಸ್ತಿಲಾ ದಾಟೂದಿಲ್ಲ" ಎಂದಳು.

ಅವಳು ಹೇಳಿದ್ದು ಸರಿಯಾಗಿತ್ತು. ಬ್ರಾಮ್ ಸ್ಟೋಕರ್ ಎಂಬ ಐರಿಷ್ ಲೇಖಕ ೧೮೯೭ರಲ್ಲಿ ಬರೆದ ‘ಡ್ರಾಕುಲಾ’ ಕಾದಂಬರಿಯಲ್ಲಿ ಈ ನಿಯಮ ಬರುತ್ತದೆ. ರಕ್ತಪಿಶಾಚಿಗೆ ಎಷ್ಟೇ ಶಕ್ತಿಯಿರಲಿ, ಮೊದಲ ಸಲ ಮನೆಯವರಲ್ಲಿ ಒಬ್ಬರಾದರೂ ಕರೆಯದೆ ಒಳಗೆ ಕಾಲಿಡುವಂತಿಲ್ಲ. ನನಗೆ ನಮ್ಮ ನಾಡಿನ ಭೂತ ನೆನಪಾಯಿತು. ಒಂದು ಕಾಲಕ್ಕೆ ನಮ್ಮ ಕಡೆ ಮನೆ ಮನೆಯ ಬಾಗಿಲ ಮೇಲೆ ಸೀಮೆಸುಣ್ಣದಿಂದ "ನಾಳೆ ಬಾ" ಎಂದು ಬರೆದಿರುತ್ತಿದ್ದರು. ರಾತ್ರಿ ಬಾಗಿಲು ಬಡಿಯಲು ಬಂದ ಭೂತ ಅದನ್ನು ಓದಿ, ಹಾಗೋ ಎಂದು ಹಿಂದಿರುಗುತ್ತದೆ. ಮರುದಿನ ಮತ್ತೆ ಬಂದು ಮತ್ತೆ ಓದುತ್ತದೆ. ಅಕ್ಷರ ಬಲ್ಲ ಭೂತ, ಕನ್ನಡವನ್ನೇ ಓದುವ ಭೂತ! ಇದನ್ನು ಹೇಳಿದಾಗ ಮೊಮ್ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ನಾನೂ ನಕ್ಕೆ. ಇನ್ನೊಂದು ಗಂಟೆಯಲ್ಲಿ ಇದೇ "ನಾಳೆ ಬಾ" ನನ್ನನ್ನು ಚುಚ್ಚಲಿದೆಯೆಂದು ಆಗ ನನಗೇನು ಗೊತ್ತು?

ನಾವು ನೋಡಿದ ಕಥೆಯ ಹೆಸರು ‘ಪ್ಲೂಟೋ’. ಅದರ ಮೂಲಪುರುಷ ಒಸಾಮು ತೆಜುಕಾ. ೧೯೨೮ರಲ್ಲಿ ಹುಟ್ಟಿ ೧೯೮೯ರಲ್ಲಿ ತೀರಿಕೊಂಡ ಈ ಮನುಷ್ಯ ವೈದ್ಯಶಾಸ್ತ್ರ ಓದಿ, ಚಿತ್ರಕಥೆ ಬರೆಯುವುದರಲ್ಲೇ ಆಯುಷ್ಯ ಕಳೆದವನು. ಹುಡುಗನಾಗಿದ್ದಾಗ ಯುದ್ಧಕಾಲದ ಕಾರ್ಖಾನೆಯಲ್ಲಿ ದುಡಿಯುತ್ತಿದ್ದು, ೧೯೪೫ರಲ್ಲಿ ಓಸಾಕಾ ನಗರದ ಮೇಲೆ ಬಿದ್ದ ಬಾಂಬುಗಳಿಂದ ಕೂದಲೆಳೆಯಲ್ಲಿ ಪಾರಾದವನು. ೧೯೫೨ರಲ್ಲಿ ಆತ ಆಟಮ್ ಎಂಬ ಯಂತ್ರಬಾಲಕನ ಕಥೆಯನ್ನು ಆರಂಭಿಸಿದ. ೧೯೬೩ರ ಜನವರಿ ಒಂದರಿಂದ ಅದು ಟೀವಿಯಲ್ಲಿ ಚಲಿಸುವ ಚಿತ್ರವಾಗಿ ಬಂತು. ಹೊರದೇಶಗಳಲ್ಲಿ ಆ ಹುಡುಗನಿಗೆ ಆಸ್ಟ್ರೋ ಬಾಯ್ ಎಂದು ಹೆಸರು. ಬುದ್ಧನ ಜೀವನವನ್ನೂ ತೆಜುಕಾ ೧೯೭೨ರಿಂದ ಹತ್ತು ವರ್ಷಕ್ಕೂ ಮಿಕ್ಕಿ ಚಿತ್ರಕಥೆಯಾಗಿ ಬರೆದ. ರಕ್ತಪಿಶಾಚಿಯನ್ನೂ ಬಿಡಲಿಲ್ಲ. ೧೯೭೯ರಲ್ಲಿ ಬಂದ ‘ಡಾನ್ ಡ್ರಾಕುಲಾ’ದಲ್ಲಿ ಪಿಶಾಚಿ ಮಹಾಶಯ ಮಗಳನ್ನು ಕಟ್ಟಿಕೊಂಡು ಟೋಕಿಯೋ ನಗರಕ್ಕೆ ಬಂದು ಸಂಸಾರ ಹೂಡುತ್ತಾನೆ, ಒಂದು ಗುಟುಕು ರಕ್ತಕ್ಕಾಗಿ ಪಡಬಾರದ ಪಾಡು ಪಡುತ್ತಾನೆ. ಪರಸ್ಥಳಕ್ಕೆ ಬಂದು ಬಿಡಾರ ಹೂಡಿದ ನಮ್ಮಂಥವರಿಗೆ ಅವನ ಕಷ್ಟ ಬೇಗ ತಿಳಿದೀತು! ೧೯೮೨ರಲ್ಲಿ ಅದು ಟೀವಿಗೆ ಬಂದಾಗ ಕೆಲವೇ ಕಂತುಗಳಲ್ಲಿ ನಿಂತುಹೋಯಿತು.

ತೆಜುಕಾ ೧೯೬೪-೬೫ರಲ್ಲಿ ಆಟಮ್ ಮಾಲೆಯಲ್ಲಿ ಬರೆದ ಒಂದು ಕಥೆಯಿದೆ. ಜಗತ್ತಿನ ಏಳು ಬಲಿಷ್ಠ ಯಂತ್ರಮಾನವರನ್ನು ಪ್ಲೂಟೋ ಎಂಬ ದೈತ್ಯಯಂತ್ರ ಒಬ್ಬೊಬ್ಬರನ್ನಾಗಿ ನಾಶಮಾಡುವ ಕಥೆ. ಅದನ್ನೇ ನವೋಕಿ ಉರಸಾವಾ ಎಂಬ ಚಿತ್ರಕಥೆಗಾರ ೨೦೦೩ರಿಂದ ೨೦೦೯ರವರೆಗೆ ದೊಡ್ಡವರ ಓದಿಗೆ ತಕ್ಕಂತೆ ಹೊಸದಾಗಿ ಬರೆದ. ಬರೆಯಲು ತೊಡಗಿದ ವರ್ಷವೇ ಇರಾಕಿನ ಯುದ್ಧ ನಡೆದಿತ್ತು. ಅದರ ನೆರಳು ಕಥೆಯ ತುಂಬ ಬಿದ್ದಿದೆ. ೨೦೨೩ರ ಅಕ್ಟೋಬರಿನಲ್ಲಿ ಅದು ಎಂಟು ದೀರ್ಘ ಕಂತುಗಳ ಚಿತ್ರವಾಗಿ ನೆಟ್‌ಫ್ಲಿಕ್ಸಿನಲ್ಲಿ ಬಂತು. ನಾವು ಅಂದು ನೋಡಿದ್ದು ಅದರ ಮೊದಲ ಕಂತು. ಮಾತು ಜಪಾನೀ, ಕೆಳಗೆ ಇಂಗ್ಲಿಷ್ ಬರಹ. ನನ್ನ ಕಣ್ಣು ಆ ವೇಗಕ್ಕೆ ಓಡದೆ ಮೊಮ್ಮಗಳು ಆಗಾಗ ನಿಲ್ಲಿಸಿ ನಿಲ್ಲಿಸಿ ತೋರಿಸಬೇಕಾಯಿತು.

ಇಲ್ಲಿ ರೋಬೋಟ್ ಎಂಬ ಮಾತಿನ ಬಗ್ಗೆ ಒಂದು ಸಂಗತಿ ಹೇಳಿಬಿಡುತ್ತೇನೆ. ಕರೆಲ್ ಚಾಪೆಕ್ ಎಂಬ ಚೆಕ್ ನಾಟಕಕಾರನ ‘ಆರ್.ಯು.ಆರ್.’ ಎಂಬ ನಾಟಕದಿಂದ ಈ ಮಾತು ಲೋಕಕ್ಕೆಲ್ಲ ಹರಡಿತು. ನಾಟಕ ಪ್ರಕಟವಾದದ್ದು ೧೯೨೦ರಲ್ಲಿ. ಚೆಕ್ ಭಾಷೆಯ ‘ರೊಬೊತಾ’ ಎಂದರೆ ಒಡೆಯನಿಗಾಗಿ ಮಾಡಲೇಬೇಕಾದ ದುಡಿಮೆ. ನಮ್ಮ ಮಾತಿನಲ್ಲಿ ಬಿಟ್ಟಿ ಚಾಕರಿ. ಆ ನಾಟಕದ ಕೊನೆಯಲ್ಲಿ ಭೂಮಿಯ ಮೇಲೆ ಉಳಿದ ಒಬ್ಬನೇ ಮನುಷ್ಯ ಒಂದು ರೋಬೋಟನ್ನು ಸೀಳಿ ಪರೀಕ್ಷಿಸಲು ಹೊರಡುತ್ತಾನೆ. ಅವಳ ಬದಲು ನನ್ನನ್ನು ಸೀಳು ಎಂದು ಅವನೂ, ಅವನ ಬದಲು ನನ್ನನ್ನು ಎಂದು ಅವಳೂ ಮುಂದೆ ಬರುತ್ತಾರೆ. ಮುದುಕ ಇಬ್ಬರನ್ನೂ ಹೋಗಗೊಡುತ್ತಾನೆ. ಅಂದರೆ ರೋಬೋಟಿನ ಕಥೆ ಹುಟ್ಟಿದಂದೇ ಕರುಣೆಯ ಪ್ರಶ್ನೆಯೂ ಅದರ ಜೊತೆಗೇ ಹುಟ್ಟಿದೆ.

ಇನ್ನು ಕಂತಿಗೆ ಬರೋಣ. ಕಾಲ ಮುಂದಿನದು. ಮನುಷ್ಯರೂ ಯಂತ್ರಮಾನವರೂ ಒಂದೇ ಊರಿನಲ್ಲಿ ಬಾಳುತ್ತಾರೆ. ಯಂತ್ರಮಾನವರು ಮದುವೆ ಮಾಡಿಕೊಳ್ಳುತ್ತಾರೆ, ಮನೆ ಹೂಡುತ್ತಾರೆ, ಸಂಬಳ ತರುತ್ತಾರೆ. ಜರ್ಮನಿಯ ಗೆಸಿಖ್ಟ್ ಎಂಬಾತ ಪೊಲೀಸು ಪತ್ತೇದಾರ. ನೋಡಲು ಮಧ್ಯವಯಸ್ಸಿನ ಸಭ್ಯ ಗೃಹಸ್ಥ, ಒಳಗೆಲ್ಲ ಯಂತ್ರ. ಜರ್ಮನ್ ಭಾಷೆಯಲ್ಲಿ ಗೆಸಿಖ್ಟ್ ಎಂದರೆ ಮುಖ ಎಂದೇ ಅರ್ಥ. ಅವನ ಊರಿನಲ್ಲಿ ರಾಬಿ ಎಂಬ ಗಸ್ತಿನ ಪೊಲೀಸು ಯಂತ್ರಮಾನವ ಕರ್ತವ್ಯದಲ್ಲಿದ್ದಾಗಲೇ, ಓಡಿಹೋಗುತ್ತಿದ್ದ ಒಬ್ಬ ಅಪರಾಧಿಯಿಂದ ಪುಡಿಪುಡಿಯಾಗುತ್ತಾನೆ. ಸುದ್ದಿ ತಿಳಿಸಲು ಗೆಸಿಖ್ಟ್ ರಾಬಿಯ ಮನೆಗೆ ಹೋಗುತ್ತಾನೆ. ಬಾಗಿಲು ತೆರೆದವಳು ರಾಬಿಯ ಹೆಂಡತಿ. ಹಳೆಯ ಕಾಲದ, ಮನೆಗೆಲಸಕ್ಕೆಂದು ಮಾಡಿದ ಯಂತ್ರ. ಅವಳಿಗೆ ನಮ್ಮಂಥ ಮುಖವಿಲ್ಲ. ತಗಡಿನ ತಲೆ, ಅದರಲ್ಲಿ ಯಾವ ಭಾವವೂ ಮೂಡಲಾರದು. ನಗಲಾರಳು, ಅಳಲಾರಳು.

ನಿನ್ನ ಗಂಡ ತೀರಿಕೊಂಡ ಎಂದು ಗೆಸಿಖ್ಟ್ ಹೇಳುತ್ತಾನೆ. ಆಕೆ ಸುಮ್ಮನೆ ನಿಲ್ಲುತ್ತಾಳೆ. ಆಮೇಲೆ ಅವನು ಒಂದು ಮಾತು ಕೇಳುತ್ತಾನೆ. ಯಂತ್ರದ ನೆನಪನ್ನು ಅಳಿಸುವುದು ಸುಲಭದ ಕೆಲಸ. ಬೇಕಾದರೆ ರಾಬಿಯ ನೆನಪನ್ನು ನಿನ್ನಿಂದ ತೆಗೆದುಬಿಡಬಹುದು, ಏನನ್ನುತ್ತೀ ಎಂದು. ಅವನ ದನಿಯಲ್ಲಿ ನಿಜವಾದ ಕನಿಕರವಿದೆ. ನೋವು ಕೊಡುವ ಸುದ್ದಿಯನ್ನು ಹೊತ್ತು ತಂದವನು, ನೋವೇ ಇಲ್ಲದಂತೆ ಮಾಡುವ ದಾರಿಯನ್ನೂ ಜೊತೆಗೇ ತಂದಿದ್ದಾನೆ. ಆ ಭಾವವಿಲ್ಲದ ತಗಡಿನ ಮುಖದಿಂದ ಉತ್ತರ ಬರುತ್ತದೆ: ಬೇಡ, ಅಳಿಸಬೇಡಿ.

ಇಷ್ಟೇ. ಸಂಗೀತವಿಲ್ಲ, ಎದೆ ಬಡಿದುಕೊಳ್ಳುವುದಿಲ್ಲ. ಮುಂದೆ ಗೆಸಿಖ್ಟ್ ರಾಬಿಯ ನೆನಪು ತುಂಬಿದ ಪುಟ್ಟ ಚಿಪ್ಪನ್ನು ಅವಳಿಗೆ ಕೊಡುತ್ತಾನೆ. ಅಳಿಸಲು ಹೊರಟಿದ್ದ ಕೈಯೇ ಇನ್ನಷ್ಟು ನೆನಪನ್ನು ಅವಳ ಕೈಗಿಡುತ್ತದೆ.

ನಾನು, "ನಿಲ್ಲಿಸವಾ" ಎಂದೆ. ಮೊಮ್ಮಗಳು ನೀರು ತರಲು ಎದ್ದುಹೋದಳು. ನನ್ನ ಕಣ್ಣು ತಾನಾಗಿಯೇ ಪಡಸಾಲೆಯ ಎದುರು ಗೋಡೆಗೆ ಹೋಯಿತು. ಅಲ್ಲೊಂದು ಮೊಳೆ, ಮೊಳೆಯ ಕೆಳಗೆ ಗೋಡೆಯ ಬಣ್ಣ ಒಂದು ಚೌಕದಷ್ಟು ತಿಳಿಯಾಗಿದೆ. ಎರಡು ವರ್ಷದ ಹಿಂದಿನವರೆಗೆ ಅಲ್ಲಿ ಅಪ್ಪನ ಫೋಟೋ ಇತ್ತು.

ಅಪ್ಪ ೨೦೧೬ರಲ್ಲಿ ಹೋದರು. ಧಾರವಾಡದ ಕಡೆಯಿಂದ ಮುಂಬಯಿಗೆ ಬಂದು ಪರಳದ ಒಂದು ಬಟ್ಟೆ ಗಿರಣಿಯ ಕಚೇರಿಯಲ್ಲಿ ಗುಮಾಸ್ತರಾಗಿದ್ದವರು. ೧೯೮೨ರ ಜನವರಿಯಲ್ಲಿ ಗಿರಣಿ ಮುಷ್ಕರ ಶುರುವಾಗಿ ಲಕ್ಷಗಟ್ಟಲೆ ಜನರ ಅನ್ನ ಹೋಯಿತಲ್ಲ, ಆಗ ಅಪ್ಪನ ನೌಕರಿಯೂ ಹೋಯಿತು. ಮುಂದೆ ದಾದರಿನ ಒಂದು ಅಂಗಡಿಯಲ್ಲಿ ಲೆಕ್ಕ ಬರೆದರು. ನೌಕರಿ ಯಾವುದಿದ್ದರೂ ದೀಪ ಹಚ್ಚುವ ಹೊತ್ತಿಗೆ ಮನೆಗೆ ಬರುವುದು, ವಾರಕ್ಕೊಮ್ಮೆ ದಾದರ್ ಸ್ಟೇಶನ್ನಿನ ಹೊರಗಿಂದ ಅವ್ವನಿಗೆ ಒಂದು ಗಜರಾ ತರುವುದು, ಇವೆರಡು ತಪ್ಪಲಿಲ್ಲ.

ಅಪ್ಪ ಹೋಗಿ ನಾಲ್ಕೈದು ವರ್ಷಕ್ಕೆ ಅವ್ವನಿಗೆ ಮರೆವು ಸುರುವಾಯಿತು. ಮೊದಲು ಹಾಲು ಉಕ್ಕಿಸಿದಳು. ಆಮೇಲೆ ನೆರೆಮನೆಯವರ ಹೆಸರು ಹೋಯಿತು. ಆಮೇಲೆ ಒಂದು ಸಂಜೆ ದೇವರ ಮುಂದೆ ದೀಪ ಹಚ್ಚಿ ಬಂದವಳು, "ಅವರು ಇನ್ನೂ ಬಂದಿಲ್ಲೇನು?" ಎಂದು ಕೇಳಿದಳು. ನಾನು, "ಅಪ್ಪಾರು ಹೋಗಿ ಎಷ್ಟ ವರ್ಷ ಆತು ಅವ್ವಾ" ಎಂದೆ. ಅವ್ವ ನನ್ನ ಮುಖ ನೋಡಿದಳು. "ಯಾವಾಗ ಹೋದ್ರು? ನನಗ್ಯಾಕ ಯಾರೂ ಹೇಳಲಿಲ್ಲ?" ಎಂದು, ಅಂದೇ ಸುದ್ದಿ ಬಂತೇನೋ ಎಂಬಂತೆ ಅತ್ತಳು. ಮರುದಿನ ಮತ್ತೆ ಕೇಳಿದಳು. ಮತ್ತೆ ಹೇಳಿದೆ, ಮತ್ತೆ ಅತ್ತಳು. ಒಂದು ಸಂಜೆಯಂತೂ ಮೂರು ಸಲ ಕೇಳಿ ಮೂರು ಸಲ ಅತ್ತಳು. ಅಂದು ನನ್ನ ಹೆಂಡತಿ ಅಡಿಗೆಮನೆಯಿಂದ ಹೊರಗೆ ಬಂದು, "ಸಾಕು ಮಾಡ್ರೀ ಇನ್ನ. ದಿನಾ ಒಂದೊಂದು ಸಲ ಮಾವನೋರನ್ನ ಸಾಯಿಸ್ತೀರಲ್ಲ" ಎಂದಳು.

ಅವಳ ಮಾತು ನನಗೂ ಸರಿಯೆನಿಸಿತು. ಡಾಕ್ಟರೂ ಅದನ್ನೇ ಹೇಳಿದರು: ವಾದ ಮಾಡಬೇಡಿ, ಸಮಾಧಾನ ಮಾಡಿ. ಮರುಸಂಜೆ ಅವ್ವ ಕೇಳಿದಾಗ, "ಧಾರವಾಡಕ್ಕ ಹೋಗ್ಯಾರವ್ವಾ, ನಾಳೆ ಬರ್ತಾರ" ಎಂದೆ. ಅವ್ವ "ಹೂಂ" ಎಂದು ಸುಮ್ಮನಾದಳು. ಇಷ್ಟು ಸುಲಭವೆ ಎನಿಸಿತು! ಅಂದಿನಿಂದ ಅದೇ ಪದ್ಧತಿ. ಬರಬರುತ್ತ ನಾನು ಅದರಲ್ಲಿ ಪಳಗಿದೆ. ಒಂದು ದಿನ ಹೊಲದ ಕೆಲಸ, ಒಂದು ದಿನ ಸೋದರಳಿಯನ ಮದುವೆ, ಒಂದು ದಿನ ರೈಲು ತಡ. ಗೋಡೆಯ ಮೇಲೆ ಗಂಧದ ಹಾರ ಹಾಕಿದ ಫೋಟೋ ಇದ್ದರೆ ಸುಳ್ಳು ನಿಲ್ಲುವುದಿಲ್ಲವಲ್ಲ! ಒಂದು ಮಧ್ಯಾಹ್ನ ಅವ್ವ ಮಲಗಿದ್ದಾಗ ಅದನ್ನು ಇಳಿಸಿ ಕಪಾಟಿನಲ್ಲಿ, ಹಳೆಯ ಸೀರೆಗಳ ಕೆಳಗೆ ಇಟ್ಟೆ. ಅಪ್ಪನ ಕನ್ನಡಕ, ಕೈಗಡಿಯಾರಗಳನ್ನೂ ಅದರೊಂದಿಗೆ ಇಟ್ಟೆ. ಇದೆಲ್ಲವನ್ನೂ ನಾನು ದಯೆಯೆಂದೇ ಮಾಡಿದೆ. ಯಾರಾದರೂ ಬಂದಾಗ ಅವರೆದುರು ಹೇಳಿಕೊಂಡದ್ದೂ ಉಂಟು, ಅವ್ವನಿಗೆ ನೋವಾಗದಂತೆ ನೋಡಿಕೊಂಡಿದ್ದೇವೆ ಎಂದು.

ಫೋಟೋ ತೆಗೆದ ಮೇಲೆ ಕೆಲವು ದಿನ ಅವ್ವ ಆ ತಿಳಿ ಚೌಕವನ್ನು ನೋಡುತ್ತ ನಿಲ್ಲುತ್ತಿದ್ದಳು. ಏನೋ ಕಳೆದಿದೆ ಎಂಬುದು ತಿಳಿದು, ಏನು ಕಳೆದಿದೆ ಎಂಬುದು ತಿಳಿಯದೆ ನಿಂತ ಹಾಗೆ. ಆ ನೋಟವನ್ನು ನಾನು ಕಂಡಿದ್ದೆ. ಕಂಡೂ ಕಾಣದಂತೆ ಇದ್ದುಬಿಟ್ಟಿದ್ದೆ.

ಮೊಮ್ಮಗಳು ನೀರು ತಂದುಕೊಟ್ಟಳು. ಕಂತು ಮುಂದುವರಿಯಿತು. ಅದರ ಉತ್ತರಾರ್ಧ ಸ್ಕಾಟ್ಲೆಂಡಿನಲ್ಲಿ ನಡೆಯುತ್ತದೆ. ಕಣ್ಣು ಕಾಣದ ವೃದ್ಧ ಸಂಗೀತಗಾರ ಡಂಕನ್ ಒಂದು ಹಳೆಯ ಕೋಟೆಯಂಥ ಮನೆಯಲ್ಲಿ ಒಬ್ಬನೇ ಇದ್ದಾನೆ. ಅವನ ಚಾಕರಿಗೆ ನಾರ್ತ್ ನಂಬರ್ ೨ ಎಂಬ ಯಂತ್ರಮಾನವ ಬರುತ್ತಾನೆ. ಇವನು ಮಧ್ಯ ಏಷ್ಯಾದ ಯುದ್ಧದಲ್ಲಿ ತನ್ನ ಕುಲದವರನ್ನೇ ರಾಶಿರಾಶಿಯಾಗಿ ನಾಶಮಾಡಿದ ಯೋಧ. ಮೈತುಂಬ ಹೊದ್ದ ನಿಲುವಂಗಿಯ ಕೆಳಗೆ ಆಯುಧಗಳೇ ತುಂಬಿವೆ. ಆದರೆ ಅವನಿಗೆ ಪಿಯಾನೋ ಕಲಿಯುವ ಆಸೆ. ಇನ್ನು ಮೇಲೆ ಯುದ್ಧಕ್ಕೆ ಹೋಗಲಾರೆ ಎನ್ನುತ್ತಾನೆ. ಮುದುಕ ಮಾತ್ರ ಅವನನ್ನು ಕಂಡರೆ ಸಿಡಿಯುತ್ತಾನೆ. ಯಂತ್ರಕ್ಕೆ ಎಲ್ಲಿಯ ಸಂಗೀತ, ನನ್ನ ಪಿಯಾನೋ ಮುಟ್ಟಬೇಡ ಎಂದು ಗದರಿಸುತ್ತಾನೆ.

ಈ ಮುದುಕನಿಗೂ ಒಂದು ನೆನಪಿನ ಗಾಯವಿದೆ. ಎಳೆಯ ವಯಸ್ಸಿನಲ್ಲಿ ತಾಯಿ ತನ್ನನ್ನು ಬಿಟ್ಟು ಸಿರಿವಂತನೊಬ್ಬನ ಜೊತೆ ಹೋದಳೆಂಬ ಕಹಿ. ನಿದ್ದೆಯಲ್ಲಿ ಅವನು ಯಾವುದೋ ರಾಗವನ್ನು ಗುನುಗುತ್ತಾನೆ. ಎಚ್ಚರವಾದರೆ ಅದು ಕೈಗೆ ಸಿಗುವುದಿಲ್ಲ. ನಾರ್ತ್ ನಂಬರ್ ೨ ಇದ್ದಕ್ಕಿದ್ದಂತೆ ಕಾಣೆಯಾಗುತ್ತಾನೆ. ಹಿಂದಿರುಗಿದಾಗ ಅವನು ಬೊಹೀಮಿಯಾಕ್ಕೆ ಹೋಗಿಬಂದದ್ದು ತಿಳಿಯುತ್ತದೆ. ಅಲ್ಲಿ ವಿಚಾರಿಸಿ, ಮುದುಕನ ತಾಯಿ ಮಗನನ್ನು ಮರೆತಿರಲಿಲ್ಲ, ಅವಳು ಮಾಡಿದ್ದೆಲ್ಲ ಮಗನ ಚಿಕಿತ್ಸೆಗಾಗಿ ಎಂಬ ಸತ್ಯವನ್ನು ಹೊತ್ತು ತಂದಿದ್ದಾನೆ. ಕನಸಿನ ರಾಗವನ್ನೂ ತಂದಿದ್ದಾನೆ. ಆಮೇಲೆ ಮುದುಕ ಕಲಿಸಲು ಒಪ್ಪುತ್ತಾನೆ. ಅಷ್ಟರಲ್ಲಿ ಆಕಾಶದಲ್ಲಿ ಪ್ಲೂಟೋ ಬರುತ್ತಾನೆ. ನಾರ್ತ್ ನಂಬರ್ ೨ ಎದುರಿಸಲು ಹಾರುತ್ತಾನೆ, ಮರಳಿ ಬರುವುದಿಲ್ಲ. ಕಣ್ಣಿಲ್ಲದ ಮುದುಕ ಅಂಗಳದಲ್ಲಿ ನಿಂತು ಆಕಾಶದಿಂದ ಬರುವ ಹಾಡನ್ನು ಕೇಳುತ್ತಾನೆ.

ರಾತ್ರಿ ಒಂದು ಗಂಟೆಗೆ ಮಗ ಸೊಸೆ ತೊಯ್ದು ತೊಪ್ಪೆಯಾಗಿ ಬಂದರು. ಎಲ್ಲರೂ ಮಲಗಿದ ಮೇಲೂ ನನಗೆ ನಿದ್ದೆ ಹತ್ತಲಿಲ್ಲ. ಮುಂದಿನ ವಾರದಲ್ಲಿ ಉಳಿದ ಏಳು ಕಂತುಗಳನ್ನೂ ಮೊಮ್ಮಗಳೊಡನೆ ನೋಡಿ ಮುಗಿಸಿದೆ. ಅಲ್ಲಿ ಒಂದು ಗುಟ್ಟು ಹೊರಬೀಳುತ್ತದೆ. ಇನ್ನೂ ನೋಡದವರು ಕ್ಷಮಿಸಬೇಕು. ಇದನ್ನು ಹೇಳದೆ ನನ್ನ ಮಾತು ಪೂರ್ತಿಯಾಗದು. ಆ ವಿಧವೆಗೆ ನೆನಪು ಅಳಿಸಲೇ ಎಂದು ಕೇಳಿದ ಗೆಸಿಖ್ಟನದೇ ನೆನಪು ಅಳಿಸಿಹೋಗಿದೆ! ಅವನೂ ಅವನ ಹೆಂಡತಿ ಹೆಲೆನಾಳೂ ಒಂದು ಯಂತ್ರಶಿಶುವನ್ನು ಸಾಕಿದ್ದರು. ಆ ಕೂಸನ್ನು ಒಬ್ಬ ಮನುಷ್ಯ ನಾಶಮಾಡಿದ. ಸಿಟ್ಟಿನಲ್ಲಿ ಗೆಸಿಖ್ಟ್ ಅವನನ್ನು ಕೊಂದ. ಯಂತ್ರ ಮನುಷ್ಯನನ್ನು ಕೊಲ್ಲಬಾರದೆಂಬ ಕಾನೂನಿರುವ ಲೋಕದಲ್ಲಿ ಇದು ಹೊರಗೆ ಬರಬಾರದೆಂದು ಮೇಲಧಿಕಾರಿಗಳು ಅವನ ನೆನಪನ್ನೇ ಅಳಿಸಿದರು. ಕೊಲೆಯ ಜೊತೆಗೆ ಕೂಸೂ ಅಳಿಸಿಹೋಯಿತು. ಆದರೂ ಅವನಿಗೆ ದುಃಸ್ವಪ್ನ ಬೀಳುತ್ತದೆ. ಏನೆಂದು ತಿಳಿಯದ ಸಂಕಟವೊಂದು ನಿದ್ದೆಯಲ್ಲಿ ಬಂದು ಬಂದು ಹೋಗುತ್ತದೆ.

ಇದನ್ನು ನೋಡಿದಾಗ ನನಗೆ ಅವ್ವ ಆ ತಿಳಿ ಚೌಕದ ಮುಂದೆ ನಿಂತದ್ದು ಕಣ್ಣಿಗೆ ಕಟ್ಟಿತು.

ವಿಧವೆಗೂ ಗೆಸಿಖ್ಟನಿಗೂ ಇರುವ ವ್ಯತ್ಯಾಸ ಒಂದೇ ಒಂದು ಪ್ರಶ್ನೆ. ಅವಳನ್ನು ಕೇಳಿದರು, ಇವನನ್ನು ಕೇಳಲಿಲ್ಲ. ಕೇಳಿದ್ದರಿಂದ ಅವಳು ತನ್ನ ದುಃಖದ ಯಜಮಾನತಿಯಾಗಿ ಉಳಿದಳು. ಕೇಳದೆ ಇದ್ದುದರಿಂದ ಇವನು ತನ್ನ ದುಃಖಕ್ಕೇ ಪರಕೀಯನಾದ. ನಾರ್ತ್ ನಂಬರ್ ೨ ಮುದುಕನನ್ನು ಕೇಳಿ ಬೊಹೀಮಿಯಾಕ್ಕೆ ಹೋದನೆ ಎಂದು ನೀವು ಕೇಳಬಹುದು. ಇಲ್ಲ, ಅವನೂ ಕೇಳಲಿಲ್ಲ. ಆದರೆ ಅವನು ಮುದುಕನದೇ ಆದ ಒಂದು ವಸ್ತುವನ್ನು ಹುಡುಕಿ ತಂದು ಅವನಿಗೆ ಒಪ್ಪಿಸಿದ. ಕೊಡಲು ಹೋಗುವವನು ಅಪ್ಪಣೆ ಕೇಳದಿದ್ದರೂ ನಡೆದೀತು. ತೆಗೆದುಕೊಂಡು ಹೋಗುವವನು ಕೇಳಲೇಬೇಕು. ರಕ್ತ ಕುಡಿಯುವ ಪಿಶಾಚಿಯೂ ಹೊಸ್ತಿಲಲ್ಲಿ ನಿಂತು ಕರೆಗಾಗಿ ಕಾಯುತ್ತದೆಯಂತೆ. ನಾನು ಅವ್ವನ ಮನಸ್ಸಿನ ಹೊಸ್ತಿಲನ್ನು, ಅವಳು ಮಲಗಿದ್ದಾಗ ದಾಟಿ, ಅವಳ ಗಂಡನನ್ನು ಸೀರೆಗಳ ಕೆಳಗೆ ಇಟ್ಟುಬಿಟ್ಟಿದ್ದೆ. ಸಾಲದ್ದಕ್ಕೆ ಬಾಗಿಲ ಮೇಲೆ "ನಾಳೆ ಬಾ" ಎಂದು ಬರೆದಿದ್ದೆ. ಅವ್ವನ ಪ್ರಶ್ನೆ ದಿನವೂ ಸಂಜೆ ಬಂದು, ಆ ಬರಹ ಓದಿ, ಹಾಗೋ ಎಂದು ಹಿಂದಿರುಗುತ್ತಿತ್ತು. ಯಾರ ನೋವನ್ನು ತಪ್ಪಿಸಲು ಬರೆದೆ? ಅವ್ವನದು ಎನ್ನುತ್ತಿದ್ದೆ. ಅವಳ ಅಳುವನ್ನು ದಿನವೂ ನೋಡುವ ನನ್ನ ನೋವೂ ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಇತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ.

ಹಾಗೆಂದು ದಿನವೂ ಸತ್ಯ ಹೇಳಿ ದಿನವೂ ಅಳಿಸಬೇಕೆ? ಅದೂ ಕ್ರೌರ್ಯವೇ. ಯಂತ್ರದ ಹೆಂಡತಿಗೆ ಒಮ್ಮೆ ಹೇಳಿದರೆ ಸಾಕು, ಅವಳು ಮರೆಯುವುದಿಲ್ಲ. ನನ್ನ ಅವ್ವ ಮಾಂಸರಕ್ತದವಳು. ಪ್ರತಿ ಸಂಜೆಯೂ ಹೊಸದಾಗಿ ವಿಧವೆಯಾಗಬೇಕಾದವಳು. ಕಥೆಯ ಉಪಾಯವನ್ನು ಹಾಗೆಯೇ ತಂದು ಮನೆಯಲ್ಲಿ ನಡೆಸಲಾಗದು. ಆದರೆ ಕೇಳುವುದನ್ನಾದರೂ ಮಾಡಬಹುದಿತ್ತಲ್ಲ!

ಒಂದು ಸಂಜೆ ದೀಪ ಹಚ್ಚಿದ ಮೇಲೆ ಅವ್ವ ಎಂದಿನಂತೆ ಕೇಳಿದಳು. "ಅವರು ಬಂದ್ರೇನು?"

ಬಾಯಿಗೆ ಬಂದ ಧಾರವಾಡವನ್ನು ನುಂಗಿಕೊಂಡೆ. "ಅವ್ವಾ, ಅಪ್ಪಾರ ಫೋಟೋ ಅದ ನನ್ನ ಹತ್ರ. ನೋಡ್ತೀಯೇನು? ಬ್ಯಾಡಂದ್ರ ಬ್ಯಾಡ" ಎಂದೆ.

"ಕೊಡು" ಎಂದಳು. ಕೂಡಲೇ ಅಂದಳು.

ಕಪಾಟಿನಿಂದ ತೆಗೆದೆ. ಗಂಧದ ಹಾರ ಅದಕ್ಕಿನ್ನೂ ಸುತ್ತಿಕೊಂಡೇ ಇತ್ತು. ತೆಗೆಯಲೋ ಬಿಡಲೋ ಎಂದು ಒಂದು ಗಳಿಗೆ ನಿಂತೆ. ಅದನ್ನೂ ನಾನೇ ತೀರ್ಮಾನಿಸುವುದು ಬೇಡವೆನಿಸಿ ಹಾಗೆಯೇ ಒಯ್ದುಕೊಟ್ಟೆ. ಹೆಂಡತಿ ಅಡಿಗೆಮನೆಯ ಬಾಗಿಲಲ್ಲಿ ಉಸಿರು ಬಿಗಿಹಿಡಿದು ನಿಂತಿದ್ದಳು. ಅವ್ವ ಫೋಟೋವನ್ನು ತೊಡೆಯ ಮೇಲಿಟ್ಟುಕೊಂಡು ಸೆರಗಿನಿಂದ ಗಾಜು ಒರೆಸಿದಳು. ಹಾರವನ್ನು ಬೆರಳಿನಿಂದ ಮುಟ್ಟಿದಳು. ಬಹಳ ಹೊತ್ತಾದ ಮೇಲೆ, "ಹೋದ್ರಲ್ಲ" ಎಂದಳು. ಸದ್ದಿಲ್ಲದೆ ಒಂದಿಷ್ಟು ಅತ್ತಳು. "ನನಗ್ಯಾಕ ಹೇಳಲಿಲ್ಲ" ಎಂದು ಈ ಸಲ ಕೇಳಲಿಲ್ಲ. ನಾನು ಹತ್ತಿರ ಕೂತು, "ಅವರದು ಏನರ ಹೇಳವ್ವಾ" ಎಂದೆ. ಅವ್ವ ಗಜರಾದ ಮಾತು ತೆಗೆದಳು. ಮುಷ್ಕರದ ವರ್ಷ ಕೈಯಲ್ಲಿ ದುಡ್ಡಿಲ್ಲದಾಗ ಅಪ್ಪ ದಾದರಿನಿಂದ ಬಾಡಿದ ಮೊಗ್ಗುಗಳನ್ನು ಅರ್ಧ ಬೆಲೆ ಕೊಟ್ಟು ತಂದಿದ್ದರಂತೆ. ಅವ್ವ ಅವನ್ನು ನೀರಿನಲ್ಲಿಟ್ಟು ತಾನೇ ಕಟ್ಟಿಕೊಂಡಳಂತೆ. ನಾನು ಎಪ್ಪತ್ತು ವರ್ಷ ಜೊತೆಗಿದ್ದೂ ಕೇಳದಿದ್ದ ಸಂಗತಿ. ನಿನ್ನೆಯದನ್ನು ಮರೆತವಳಿಗೆ ೧೯೮೨ ಅಷ್ಟು ನಿಚ್ಚಳವಾಗಿತ್ತು. ಹೇಳಿ ಮುಗಿಸಿ, "ಚಹಾ ಮಾಡಾಕ ಹೇಳು" ಎಂದಳು. ಫೋಟೋವನ್ನು ಎಲ್ಲಿಡಲಿ ಎಂದು ಕೇಳಿದೆ. "ಇಲ್ಲೇ ಇರಲಿ" ಎಂದು ಮಂಚದ ಪಕ್ಕದ ಮೇಜು ತೋರಿಸಿದಳು.

ಇಲ್ಲಿಗೆ ನಿಲ್ಲಿಸಿದರೆ ಲೇಖನ ಚೆನ್ನಾಗಿ ಮುಗಿದೀತು, ಆದರೆ ಅದು ಪೂರ್ತಿ ನಿಜವಾಗದು. ಮರುದಿನ ದೀಪ ಹಚ್ಚಿದ ಮೇಲೆ ಅವ್ವ ಮತ್ತೆ, "ಅವರು ಬಂದ್ರೇನು?" ಎಂದಳು. ಕೆಲವು ದಿನ ಪಕ್ಕದ ಮೇಜಿನತ್ತ ಕೈ ತೋರಿಸಿದರೆ ತಾನೇ ತಿಳಿದುಕೊಳ್ಳುತ್ತಾಳೆ. ಕೆಲವು ದಿನ ಫೋಟೋದಲ್ಲಿರುವವರು ಯಾರೆಂದು ನನ್ನನ್ನೇ ಕೇಳುತ್ತಾಳೆ. ಹೆಚ್ಚಿನ ದಿನಗಳಲ್ಲಿ, "ನೀ ಹೇಳವ್ವಾ ಅವರದೊಂದು ಮಾತು" ಎಂದರೆ ಸಾಕು, ಪ್ರಶ್ನೆ ಮರೆತು ಕಥೆ ಸುರುಮಾಡುತ್ತಾಳೆ. ಜ್ವರ ಬಂದು ಕಂಗಾಲಾಗಿದ್ದ ಒಂದು ಸಂಜೆ ನಾನು ಮತ್ತೆ ಧಾರವಾಡಕ್ಕೆ ಮೊರೆಹೋದೆ, "ನಾಳೆ ಬರ್ತಾರ" ಎಂದೆ. ಅದಕ್ಕೆ ಪಶ್ಚಾತ್ತಾಪವಿಲ್ಲ. ಆದರೆ ಅದು ಈಗ ಕಷ್ಟಕಾಲದ ಔಷಧಿ, ದಿನದ ಊಟವಲ್ಲ.

ರಕ್ತಪಿಶಾಚಿಗೆ ಸಾವಿಲ್ಲ, ಯಂತ್ರಮಾನವನಿಗೆ ಮರೆವಿಲ್ಲ. ಎರಡೂ ಇರುವವರು ನಾವು ಮಾತ್ರ. ಸಾಯುವವರನ್ನು ಪ್ರೀತಿಸಿ, ಪ್ರೀತಿಸಿದ್ದನ್ನೇ ಮರೆಯುವ ನಮ್ಮ ಮೇಲೆ ಕರುಣೆ ತೋರುವುದು ಸುಲಭದ ಕೆಲಸವೇನಲ್ಲ. ಟೋಕಿಯೋದ ಚಿತ್ರಗಾರರು ಮುಖವೇ ಇಲ್ಲದ ಒಬ್ಬ ತಗಡಿನ ಹೆಂಗಸಿನ ಬಾಯಿಂದ ಅದರ ಮೊದಲ ಪಾಠವನ್ನು ಹೇಳಿಸಿದ್ದಾರೆ. ನಿಮ್ಮ ಮನೆಯಲ್ಲೂ ಕಪಾಟಿನ ಸೀರೆಗಳ ಕೆಳಗೆ ಇಂಥ ಫೋಟೋ ಇದ್ದೀತು. ತೆಗೆದು ಕೊಟ್ಟುಬಿಡಿ ಎಂದು ನಾನು ಹೇಳುವುದಿಲ್ಲ; ನಿಮ್ಮ ಅವ್ವನನ್ನು ಬಲ್ಲವರು ನೀವು. ಒಳ್ಳೆಯ ದಿನ ನೋಡಿ, ಹತ್ತಿರ ಕೂತು, ಬೇಕೇನು ಎಂದು ಒಮ್ಮೆ ಕೇಳಿನೋಡಿ.

ಪಡಸಾಲೆಯ ಗೋಡೆಯ ಮೊಳೆ ಇನ್ನೂ ಹಾಗೆಯೇ ಇದೆ. ದೀಪಾವಳಿಗೆ ಬಣ್ಣ ಹಚ್ಚಿಸಬೇಕೆಂದು ಸೊಸೆ ಹೇಳುತ್ತಿದ್ದಾಳೆ. ಮೊಳೆ ಕೀಳಬೇಕೋ ಬೇಡವೋ ಎಂದು ಅವ್ವನನ್ನೇ ಕೇಳಬೇಕು.